ಕ್ವಾಡ್ ಆಂಪ್ಲಿಫೈಯರಿನ ಧ್ವನಿ: ಯಂತ್ರದ್ದೆಷ್ಟು, ನಮ್ಮದೆಷ್ಟು?

ಮಾನ್ಯ ಸಂಪಾದಕರಿಗೆ,

ಸವಿನಯ ನಮಸ್ಕಾರಗಳು.

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಮೂರು ವಾರಗಳ ಹಿಂದೆ ಬಂದ ಹಳೆಯ ಹೈ-ಫೈ ಆಂಪ್ಲಿಫೈಯರುಗಳ ಲೇಖನವನ್ನೂ, ಅದರಲ್ಲಿ ಇಂಗ್ಲೆಂಡಿನ ಕ್ವಾಡ್ ಯಂತ್ರಗಳ ಕುರಿತು ಬರೆದದ್ದಕ್ಕೆ ಉತ್ತರವಾಗಿ ಪ್ರಕಟವಾದ ಎರಡು ಓದುಗರ ಪತ್ರಗಳನ್ನೂ ಓದಿದೆ. ಲೇಖಕರು ಕ್ವಾಡ್‌ನ ಧ್ವನಿ ನುಣುಪಾದದ್ದು, ಆದರೆ ನಿದ್ದೆಗಣ್ಣಿನದು ಎಂದರು. ಹುಬ್ಬಳ್ಳಿಯ ಓದುಗರೊಬ್ಬರು ಅಂಥ ಇನಿದನಿ ಇಂದಿನ ಯಾವ ಯಂತ್ರಕ್ಕೂ ಇಲ್ಲವೆಂದರು. ಗದಗದ ಇನ್ನೊಬ್ಬರು ಆಂಪ್ಲಿಫೈಯರಿಗೆ ಧ್ವನಿ ಎಂಬುದೇ ಇಲ್ಲ, ಇದೆಲ್ಲ ರೊಕ್ಕ ಉಳ್ಳವರ ಭ್ರಮೆ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕಿದರು. ಮೂವರದ್ದೂ ಸ್ವಲ್ಪ ಸ್ವಲ್ಪ ಸರಿ ಎಂದು ರಾಜಿ ಮಾಡಿಸಿ ಎದ್ದುಬಿಡಬಹುದು. ಆದರೆ ಅದರಿಂದ ಯಾರಿಗೂ ಏನೂ ತಿಳಿದಂತಾಗುವುದಿಲ್ಲ. ನಲವತ್ತು ವರ್ಷಕ್ಕೂ ಮೇಲೆ ಇದೇ ಕಂಪನಿಯ ಯಂತ್ರಗಳಲ್ಲಿ ಸಂಗೀತ ಕೇಳುತ್ತ, ಅವನ್ನು ಬಿಚ್ಚಿ ಜೋಡಿಸುತ್ತ ಬಂದವನಾಗಿ ನನಗೆ ಮನವರಿಕೆಯಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ: ಕ್ವಾಡ್‌ನ ಧ್ವನಿ ಎಂದು ನಾವು ಹೊಗಳುವ ಮತ್ತು ಹಳಿಯುವ ಬಹುಪಾಲು ಗುಣಗಳ ಹಿಂದೆ, ಹುಡುಕಿದರೆ ಸಿಗುವಂಥ, ಮೀಟರಿನಲ್ಲಿ ಅಳೆಯಬಹುದಾದ ಕಾರಣವೊಂದು ಇರುತ್ತದೆ, ಆ ಕಾರಣ ಎಷ್ಟೋ ಸಲ ಯಂತ್ರದ ರಚನೆಯಲ್ಲಿರದೆ, ನಾವು ಅದಕ್ಕೆ ಏನನ್ನು ಜೋಡಿಸಿದ್ದೇವೆ, ಅದನ್ನು ಎಂಥ ಸ್ಥಿತಿಯಲ್ಲಿ ಇಟ್ಟುಕೊಂಡಿದ್ದೇವೆ ಎಂಬುದರಲ್ಲಿರುತ್ತದೆ.

ನಾನು ಧಾರವಾಡದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತನಾದವನು. ನನ್ನ ಸೋದರಮಾವ 1974ರಲ್ಲಿ ಇಂಗ್ಲೆಂಡಿನಿಂದ ಮರಳುವಾಗ ಕ್ವಾಡ್ 33 ಎಂಬ ಪ್ರೀ-ಆಂಪ್ಲಿಫೈಯರನ್ನೂ (ವಾಲ್ಯೂಮು, ಬಾಸು, ಟ್ರೆಬಲ್ಲುಗಳ ಗುಂಡಿಗಳಿರುವ ಪೆಟ್ಟಿಗೆ) ಕ್ವಾಡ್ 303 ಎಂಬ ಪವರ್ ಆಂಪ್ಲಿಫೈಯರನ್ನೂ (ಸ್ಪೀಕರಿಗೆ ಬಲ ಕೊಡುವ ಪೆಟ್ಟಿಗೆ) ತಂದಿದ್ದರು. ಕಿತ್ತಳೆ ಬಣ್ಣದ ಗುಂಡಿಗಳಿದ್ದ ಆ ಪುಟ್ಟ 33ನ್ನು ಮಕ್ಕಳು ಮುಟ್ಟಬಾರದೆಂಬ ಕಟ್ಟಪ್ಪಣೆ ಆಗ ನಮ್ಮ ಮನೆಯಲ್ಲಿತ್ತು. ಅವರ ನಂತರ ಅವೆರಡೂ ನನ್ನ ಪಾಲಿಗೆ ಬಂದವು. ಮುಂದೆ ಸ್ನೇಹಿತರೊಬ್ಬರು ಊರು ಬಿಡುವಾಗ ಅವರ ಕ್ವಾಡ್ 405 ಎಂಬ ಪವರ್ ಆಂಪ್ಲಿಫೈಯರನ್ನು ಕೊಂಡೆ. ಆದ್ದರಿಂದ ಈ ಪತ್ರದಲ್ಲಿ ಪ್ರೀತಿಯೂ ಇದೆ ಎಂಬುದನ್ನು ಓದುಗರು ಲೆಕ್ಕಕ್ಕೆ ಹಿಡಿದೇ ಓದಬೇಕು.

ಲೇಖನದಲ್ಲಿ ಕಂಪನಿಯ ಇತಿಹಾಸ ಒಂದೇ ಸಾಲಿನಲ್ಲಿ ಮುಗಿದಿತ್ತು. ಪೀಟರ್ ವಾಕರ್ ಎಂಬ ಎಂಜಿನಿಯರ್ 1936ರಲ್ಲಿ ಲಂಡನ್ನಿನಲ್ಲಿ ಆರಂಭಿಸಿದ ಈ ಉದ್ಯಮ, ಯುದ್ಧಕಾಲದ ಬಾಂಬ್ ದಾಳಿಯ ನಂತರ 1941ರಲ್ಲಿ ಹಂಟಿಂಗ್‌ಡನ್ ಎಂಬ ಸಣ್ಣ ಊರಿಗೆ ಸ್ಥಳಾಂತರಗೊಂಡಿತು. 1953ರಲ್ಲಿ ಬಂದ ಕ್ವಾಡ್-2 ವಾಲ್ವಿನ, ಎಂದರೆ ಟ್ರಾನ್ಸಿಸ್ಟರಿಗಿಂತ ಹಿಂದಿನ ಕಾಲದ ಗಾಜಿನ ಕೊಳವೆಗಳ ಯಂತ್ರ. ಕೆಟಿ66 ಎಂಬ ಎರಡು ವಾಲ್ವುಗಳಿಂದ 15 ವ್ಯಾಟ್ ಕೊಡುತ್ತಿತ್ತು. 1967ರ 303 ಟ್ರಾನ್ಸಿಸ್ಟರಿನದು, ಎಡ ಬಲಗಳ ಪ್ರತಿ ಬದಿಗೆ 45 ವ್ಯಾಟ್. 1975ರ 405 ಬದಿಗೆ 100 ವ್ಯಾಟಿನದು, ‘ಕರೆಂಟ್ ಡಂಪಿಂಗ್’ ಎಂಬ ಹೊಸ ರಚನೆಯದು. ಈ ಮೂರರ ಒಳಗಿನ ಮಾರ್ಗಗಳಿಗೆ ಪರಸ್ಪರ ಸಂಬಂಧವೇ ಇಲ್ಲ ಎನ್ನಬಹುದು. ಒಂದರಲ್ಲಿ ಸ್ಪೀಕರಿಗೂ ವಾಲ್ವಿಗೂ ನಡುವೆ ಟ್ರಾನ್ಸ್‌ಫಾರ್ಮರ್ ಇದೆ. ಇನ್ನೊಂದರಲ್ಲಿ ಆ ಸ್ಥಾನದಲ್ಲಿ ದೊಡ್ಡ ಕಂಡೆನ್ಸರು ಇದೆ. ಮೂರನೆಯದರಲ್ಲಿ ಎರಡೂ ಇಲ್ಲ. ಹೀಗಿರುವಾಗ ಮೂರಕ್ಕೂ ಸೇರಿಸಿ ‘ಕ್ವಾಡ್ ಧ್ವನಿ’ ಎಂಬ ಒಂದೇ ಹೆಸರು ಹೇಗೆ ಬಂತು ಎಂಬ ಪ್ರಶ್ನೆಯನ್ನು ಲೇಖಕರು ಕೇಳಿಕೊಳ್ಳಲೇ ಇಲ್ಲ.

ಆ ಪ್ರಶ್ನೆಯನ್ನು ವಾಕರ್ ಅವರೇ ಪರೀಕ್ಷೆಗೆ ಒಡ್ಡಿದ್ದರು. 1978ರಲ್ಲಿ ಜೇಮ್ಸ್ ಮೋಯರ್ ಎಂಬ ಧ್ವನಿತಜ್ಞರು ಈ ಮೂರೂ ಯಂತ್ರಗಳನ್ನು ಕೇಳುಗರ ಕಣ್ಣಿಗೆ ಬೀಳದಂತೆ ಇಟ್ಟು, ಯಾವುದು ನುಡಿಯುತ್ತಿದೆಯೆಂದು ತಿಳಿಸದೆ ಕೇಳಿಸಿದರು. ಅದರ ವಿವರ ‘ವೈರ್‌ಲೆಸ್ ವರ್ಲ್ಡ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅನುಭವಸ್ಥ ಕಿವಿಗಳೂ ವಾಲ್ವನ್ನು ಟ್ರಾನ್ಸಿಸ್ಟರಿನಿಂದ ನಂಬಬಹುದಾದಷ್ಟು ಖಚಿತವಾಗಿ ಬೇರ್ಪಡಿಸಲಾರದೆ ಹೋದವು. ಗದಗದ ಪತ್ರಲೇಖಕರು ಇದನ್ನು ಕೇಳಿ ಹಿಗ್ಗಬಹುದು. ಆದರೆ ಆ ಪರೀಕ್ಷೆ ಸಾಧಿಸಿದ್ದು, ಒಬ್ಬನೇ ಎಂಜಿನಿಯರನ ಮೇಲ್ವಿಚಾರಣೆಯಲ್ಲಿ ತಯಾರಾದ, ಸುಸ್ಥಿತಿಯಲ್ಲಿದ್ದ ಮೂರು ಒಳ್ಳೆಯ ಯಂತ್ರಗಳು ತಮ್ಮ ಶಕ್ತಿಯ ಮಿತಿಯೊಳಗೆ ದುಡಿಯುವಾಗ ಒಂದೇ ತೆರನಾಗಿ ಕೇಳುತ್ತವೆ ಎಂಬುದನ್ನು ಮಾತ್ರ. ಮಿತಿಯನ್ನು ದಾಟಿದಾಗ, ಅಥವಾ ಯಂತ್ರ ಮುಪ್ಪಾದಾಗ ಏನಾಗುತ್ತದೆ ಎಂಬುದನ್ನು ಅದು ಹೇಳುವುದಿಲ್ಲ. ನಮ್ಮ ಮನೆಗಳಲ್ಲಿರುವ ಕ್ವಾಡ್‌ಗಳೆಲ್ಲ ಈಗ ಮುಪ್ಪಿನವೇ.

ಈ ಮುಪ್ಪಿನ ವಿಷಯದಲ್ಲಿ ನನ್ನದೇ ಒಂದು ನಗೆಪಾಟಲನ್ನು ಹೇಳಬೇಕು. 303ರಲ್ಲಿ ಪ್ರತಿ ಬದಿಯ ಧ್ವನಿಯೂ 2000 ಮೈಕ್ರೋಫ್ಯಾರಡ್‌ನ ಒಂದು ಎಲೆಕ್ಟ್ರೊಲಿಟಿಕ್ ಕಂಡೆನ್ಸರನ್ನು ಹಾದು ಸ್ಪೀಕರಿಗೆ ಹೋಗುತ್ತದೆ. ಯಾವುದಾದರೂ ಟ್ರಾನ್ಸಿಸ್ಟರು ಸುಟ್ಟರೆ ನೇರ ವಿದ್ಯುತ್ತು ಸ್ಪೀಕರಿಗೆ ನುಗ್ಗದಂತೆ ಇದು ಕಾಯುತ್ತದೆ. ಕ್ವಾಡ್‌ನವರದ್ದೇ ಆದ, 1957ರ ನಾಜೂಕು ಎಲೆಕ್ಟ್ರೋಸ್ಟ್ಯಾಟಿಕ್ ಸ್ಪೀಕರನ್ನು (ಹೆಚ್ಚಿನ ವೋಲ್ಟೇಜಿನಿಂದ ತೆಳು ಹಾಳೆಯನ್ನು ಕಂಪಿಸಿ ನುಡಿಯುವಂಥದ್ದು) ಕಣ್ಣ ಮುಂದೆ ಇಟ್ಟುಕೊಂಡೇ ಈ ಎಚ್ಚರಿಕೆಯ ರಚನೆ ಮಾಡಿದಂತಿದೆ. ಆದರೆ ಎಲೆಕ್ಟ್ರೊಲಿಟಿಕ್ ಕಂಡೆನ್ಸರಿನ ಒಳಗಿರುವ ದ್ರವ ವರ್ಷಗಳು ಕಳೆದಂತೆ ಒಣಗುತ್ತದೆ, ಅದರ ಧಾರಣಶಕ್ತಿ ಕುಗ್ಗುತ್ತದೆ, ಒಳಗಿನ ತಡೆ ಏರುತ್ತದೆ, ಮೊಟ್ಟಮೊದಲು ತೆಳುವಾಗುವುದು ಕೆಳದನಿ. ನನ್ನ 303ರಲ್ಲಿ ಹೀಗೆಯೇ ಆಗಿತ್ತು. ಅದು ನಿಧಾನವಾಗಿ, ವರ್ಷಕ್ಕೆ ಇಷ್ಟಿಷ್ಟೇ ಆದದ್ದರಿಂದ ನನಗೆ ತಿಳಿಯಲೇ ಇಲ್ಲ. ತಿಳಿಯದಿದ್ದರೂ ಹೋಗಲಿ, ಮನೆಗೆ ಬಂದ ಅತಿಥಿಗಳಿಗೆಲ್ಲ ‘ನೋಡಿ, ಕ್ವಾಡ್‌ನ ಧ್ವನಿಯಲ್ಲಿ ಒಂದು ಸಂಜೆಯ ಬೆಳಕಿದೆ, ಅಬ್ಬರವಿಲ್ಲ’ ಎಂದು ಏಳೆಂಟು ವರ್ಷ ವ್ಯಾಖ್ಯಾನ ಮಾಡಿದೆ. ಕೊನೆಗೆ ಹುಬ್ಬಳ್ಳಿಯಿಂದ ಹೊಸ ಕಂಡೆನ್ಸರುಗಳನ್ನು ತಂದು ಬೆಸುಗೆ ಹಾಕಿ, ಮಧ್ಯಬಿಂದುವಿನ ವೋಲ್ಟೇಜನ್ನು ಸರಿಮಾಡಿ ಹಚ್ಚಿದ ದಿನ, ಅಡುಗೆಮನೆಯಲ್ಲಿದ್ದ ನನ್ನ ಹೆಂಡತಿ ‘ಈಗ ಡಗ್ಗಾ ಕೇಳಸ್ಲಿಕ್ಕೆ ಹತ್ತೇದ ನೋಡ್ರಿ’ ಎಂದಳು; ಡಗ್ಗಾ ಎಂದರೆ ತಬಲಾದ ಜೋಡಿಯ, ಕೆಳದನಿಯ ಎಡಗೈ ವಾದ್ಯ. ನನ್ನ ಸಂಜೆಯ ಬೆಳಕು ಒಣಗಿದ ಕಂಡೆನ್ಸರಿನ ಕೊಡುಗೆಯಾಗಿತ್ತು.

ಲೇಖಕರು ಕಂಡ ನಿದ್ದೆಗಣ್ಣೂ ಇದೇ ಇರಬಹುದೆಂಬುದು ನನ್ನ ಬಲವಾದ ಗುಮಾನಿ. ತಾವು ಕೇಳಿದ 303 ‘ಒಮ್ಮೆಯೂ ಬಿಚ್ಚದ, ಕಾರ್ಖಾನೆಯಿಂದ ಬಂದಂತೆಯೇ ಇರುವ’ ಯಂತ್ರವೆಂದು ಅವರು ಹೆಮ್ಮೆಯಿಂದ ಬರೆದಿದ್ದಾರೆ. ಹಳೆಯ ಪಂಚಪಾತ್ರೆಗೆ ಅದು ಒಪ್ಪುವ ಮಾತು. ಐವತ್ತು ವರ್ಷ ಹಳೆಯ ಆಂಪ್ಲಿಫೈಯರು ಬಿಚ್ಚದೆ ಇದ್ದರೆ ಅದು ಕಾರ್ಖಾನೆಯಿಂದ ಹೊರಟಾಗ ಇದ್ದಂತೆ ಇರಲು ಸಾಧ್ಯವಿಲ್ಲ.

‘ಬಾಸ್ ಸಾಲದು’ ಎಂಬ ಆಕ್ಷೇಪಕ್ಕೆ ಇನ್ನೊಂದು ಮುಖವೂ ಇದೆ. ಸುಸ್ಥಿತಿಯಲ್ಲಿರುವ 303 ಕೂಡ 30 ಹರ್ಟ್ಸ್‌ನ (ಸೆಕೆಂಡಿಗೆ 30 ಕಂಪನ) ಆಸುಪಾಸಿನಿಂದ ಕೆಳಗೆ ಇಳಿಮುಖವಾಗುತ್ತದೆ. ರೆಕಾರ್ಡಿನ ಸೊಟ್ಟ, ಟರ್ನ್‌ಟೇಬಲಿನ ಗುಡುಗು ಇವು ಸ್ಪೀಕರಿನವರೆಗೆ ತಲುಪದಿರಲೆಂದು ಬೇಕೆಂದೇ ಮಾಡಿದ್ದು. ಪಾಶ್ಚಾತ್ಯ ಚರ್ಚಿನ ಆರ್ಗನ್ ಕೇಳುವವರಿಗೆ ಇದು ನಿಜವಾದ ಕೊರತೆ. ನಮ್ಮ ಸಂಗೀತಕ್ಕೆ ಬನ್ನಿ: ಕಪ್ಪು ಒಂದರ ಶ್ರುತಿಯಲ್ಲಿ ಹಾಡುವ ಗಂಡಸಿನ ತಂಬೂರಿಯ ಖರ್ಜದ, ಎಂದರೆ ಎಲ್ಲಕ್ಕಿಂತ ಕೆಳದನಿಯ, ತಂತಿ ಸುಮಾರು 69 ಹರ್ಟ್ಸ್‌ನಲ್ಲಿ ನುಡಿಯುತ್ತದೆ. ಡಗ್ಗಾದ ಗಂಭೀರ ನಾದದ ತಿರುಳೂ ಇದಕ್ಕಿಂತ ಬಹಳ ಕೆಳಗೆ ಇಳಿಯುವುದಿಲ್ಲ. ಹೀಗಾಗಿ, ಖಯಾಲು ಕೇಳುವವನಿಗೆ 30 ಹರ್ಟ್ಸ್‌ನ ಕೆಳಗೆ ಏನಾದರೇನು ಎಂದು ನಾನು ಧೈರ್ಯದಿಂದ ಕೇಳಬಲ್ಲೆ. ಒಂದು ಯಂತ್ರದ ಬಗೆಗಿನ ತೀರ್ಪನ್ನು ಬೇರೆ ಸಂಗೀತ ಕೇಳುವ ಬೇರೆ ದೇಶದವರಿಂದ ಎರವಲು ತಂದು ಧಾರವಾಡದ ಪಡಸಾಲೆಯಲ್ಲಿ ಕೂರಿಸಿದರೆ ಹೀಗೆಯೇ ಆಗುವುದು.

ಆಂಪ್ಲಿಫೈಯರಿಗೆ ನಮ್ಮಲ್ಲಿರುವ ಅತಿ ಕಠಿಣ ಪರೀಕ್ಷೆ ತಂಬೂರಿಯೇ. ತಂತಿಯಡಿ ಎಳೆ ಸಿಕ್ಕಿಸಿ ಜವಾರಿ (ತಂತಿಯ ಝೇಂಕಾರ) ಸರಿಯಾಗಿ ಬಿಡಿಸಿದ ತಂಬೂರಿಯಲ್ಲಿ ಒಂದೇ ಮೀಟಿನಿಂದ ಹತ್ತಾರು ಉಪಸ್ವರಗಳು ಒಂದರ ಹಿಂದೊಂದು ಅರಳಿ, ಕರಗಿ, ಮುಂದಿನ ಮೀಟಿನ ಅಡಿಯಲ್ಲಿ ಮುಳುಗುತ್ತವೆ. ಸಾಮಾನ್ಯ ಟ್ರಾನ್ಸಿಸ್ಟರ್ ಆಂಪ್ಲಿಫೈಯರಿನಲ್ಲಿ ಅಲೆಯ ಮೇಲರ್ಧವನ್ನು ಒಂದು ಟ್ರಾನ್ಸಿಸ್ಟರೂ ಕೆಳಗಿನರ್ಧವನ್ನು ಇನ್ನೊಂದೂ ಹೊರುವುದರಿಂದ, ಹೊರೆ ಒಂದರ ಹೆಗಲಿನಿಂದ ಇನ್ನೊಂದರ ಹೆಗಲಿಗೆ ದಾಟುವ ಶೂನ್ಯದ ಬಳಿ ಸಣ್ಣದೊಂದು ತೊಡಕು ಉಂಟಾಗುತ್ತದೆ. ಸದ್ದು ದೊಡ್ಡದಿರುವಾಗ ಅದು ಮುಚ್ಚಿಹೋಗುತ್ತದೆ. ತಂಬೂರಿ ಕರಗುವಾಗ, ಅಲೆ ಸಣ್ಣದಾದಂತೆಲ್ಲ, ತೊಡಕಿನ ಪಾಲು ದೊಡ್ಡದಾಗುತ್ತದೆ. 405ರ ಹೆಚ್ಚುಗಾರಿಕೆ ಇರುವುದು ಇಲ್ಲಿ. ಅದರಲ್ಲಿ ಸಣ್ಣ ಶಕ್ತಿಯ, ಆದರೆ ಬಲು ಶುದ್ಧವಾದ, ಅಲೆಯನ್ನು ಹೀಗೆ ಅರ್ಧರ್ಧ ಹಂಚದ ಒಂದು ‘ಕ್ಲಾಸ್ ಎ’ ಆಂಪ್ಲಿಫೈಯರು ಸದಾ ಎಚ್ಚರವಿದ್ದು ಧ್ವನಿಯ ಆಕಾರವನ್ನು ಕಾಯುತ್ತದೆ. ಭಾರ ಹೊರಬೇಕಾದಾಗ ಮಾತ್ರ ದೊಡ್ಡ ಟ್ರಾನ್ಸಿಸ್ಟರುಗಳು ಕೈಹಚ್ಚುತ್ತವೆ, ಅವು ಮಾಡುವ ತಪ್ಪನ್ನು ನಾಲ್ಕು ಬಿಡಿಭಾಗಗಳ ಒಂದು ಸೇತುವೆಯ ಸಮತೋಲ ಅಳಿಸಿಹಾಕುತ್ತದೆ. ರಾತ್ರಿ ಹತ್ತರ ಮೇಲೆ, ಮನೆಮಂದಿ ಮಲಗಿದಾಗ ಕೇಳುವಷ್ಟು ಸಣ್ಣ ಸದ್ದಿನಲ್ಲಿ ದೊಡ್ಡ ಟ್ರಾನ್ಸಿಸ್ಟರುಗಳು ಬಹುಮಟ್ಟಿಗೆ ಕೆಲಸಕ್ಕೆ ಇಳಿದೇ ಇರುವುದಿಲ್ಲ. ನಾನು 405ನ್ನು ಕೊಂಡಾಗ ಇದನ್ನು ಓದಿ ತಿಳಿದಿದ್ದೆನೇ ಹೊರತು ನಂಬಿರಲಿಲ್ಲ. ಗಾಯಕಿ ಕಿಶೋರಿ ಅಮೋಣಕರರಂಥ ಹೆಣ್ಣುದನಿಯ ಹಿಂದಿನ ಎರಡು ತಂಬೂರಿಗಳು ಆ ಸಣ್ಣ ಸದ್ದಿನಲ್ಲೂ ಬೇರೆ ಬೇರೆಯಾಗಿ ಕೇಳಿದ ರಾತ್ರಿ ನಂಬಿದೆ.

ಈ ರಚನೆಯ ಇನ್ನೊಂದು ಲಾಭವನ್ನು ರಿಪೇರಿ ಮಾಡುವವರು ಬಲ್ಲರು. ದೊಡ್ಡ ಟ್ರಾನ್ಸಿಸ್ಟರುಗಳಿಗೆ ಸುಮ್ಮನಿರುವಾಗ ಎಷ್ಟು ಕರೆಂಟು ಹರಿಯಬೇಕೆಂದು ಕೂಡಿಸುವ ತಿರುಪೇ 405ರಲ್ಲಿಲ್ಲ. ಉಳಿದ ಯಂತ್ರಗಳಲ್ಲಿ ಈ ತಿರುಪನ್ನು ತಪ್ಪಾಗಿ ತಿರುಗಿಸಿ ಟ್ರಾನ್ಸಿಸ್ಟರು ಸುಟ್ಟುಕೊಂಡವರ ಸಂಖ್ಯೆ ಕಡಿಮೆಯದ್ದಲ್ಲ. 1978ರಲ್ಲಿ ಈ ರಚನೆಗೆ ಬ್ರಿಟನ್ನಿನ ರಾಣಿಯ ಹೆಸರಿನ ತಂತ್ರಜ್ಞಾನ ಪ್ರಶಸ್ತಿ ಬಂದದ್ದು ಯೋಗ್ಯವೇ ಆಗಿತ್ತು.

ಹಾಗೆಂದು 405ರ ವಿರುದ್ಧ ಕೇಳಿಬರುವುದೆಲ್ಲ ಸುಳ್ಳಲ್ಲ. ಅದರ ಮೊದಲ ಮಾದರಿಯಲ್ಲಿ ಸ್ಪೀಕರಿಗೆ ಹರಿಯುವ ಕರೆಂಟಿಗೆ ಬಿಗಿಯಾದ ಮಿತಿಯಿದೆ. ಸ್ಪೀಕರಿನ ತಡೆಯ ಅಳತೆಯಾದ ಓಮ್ ಕಡಿಮೆಯಾದಷ್ಟೂ ಅದು ಹೆಚ್ಚು ಕರೆಂಟು ಎಳೆಯುತ್ತದೆ. 8 ಓಮ್‌ನ ಸ್ಪೀಕರಿಗೆ ಈ ಮಿತಿ ಲೆಕ್ಕಕ್ಕೇ ಬರುವುದಿಲ್ಲ; ಕೆಲವು ಸ್ವರಗಳಲ್ಲಿ 4 ಓಮ್‌ಗಿಂತಲೂ ಕೆಳಗೆ ಇಳಿಯುವ ಇಂದಿನ ಸ್ಪೀಕರುಗಳನ್ನು ಹಚ್ಚಿ, ವಾಲ್ಯೂಮ್ ಏರಿಸಿ, ಪಖವಾಜಿನ ಥಾಪಿಗೆ ಕಾದರೆ ಮಾತ್ರ ಮಿತಿ ಬಂದು ಅಡ್ಡ ನಿಲ್ಲುತ್ತದೆ, ಪೆಟ್ಟು ಮೊಂಡಾಗುತ್ತದೆ. ಇದನ್ನು ಕೇಳಿದವರು ‘ಕ್ವಾಡ್‌ಗೆ ಹೊಡೆತ ಗೊತ್ತಿಲ್ಲ’ ಎನ್ನುತ್ತಾರೆ. ಅವರು ಕೇಳಿದ್ದು ನಿಜ, ಹೇಳಿದ ಕಾರಣ ತಪ್ಪು. 1982ರ 405-2ರಲ್ಲಿ ಕಂಪನಿಯವರು ಈ ಭಾಗವನ್ನು ತಿದ್ದಿದರು ಎಂಬುದೇ ಆಕ್ಷೇಪದಲ್ಲಿ ಹುರುಳಿತ್ತೆಂಬುದಕ್ಕೆ ಸಾಕ್ಷಿ. ಇದಕ್ಕೆ ತದ್ವಿರುದ್ಧವಾದ ಎಚ್ಚರಿಕೆಯೂ ಬೇಕು: ಇದೇ 405ನ್ನು 1957ರ ಎಲೆಕ್ಟ್ರೋಸ್ಟ್ಯಾಟಿಕ್ ಸ್ಪೀಕರಿಗೆ ಮಿತಿಯಿಲ್ಲದೆ ಜೋಡಿಸಿದರೆ ಹೆಚ್ಚಾದ ವೋಲ್ಟೇಜಿನಿಂದ ಅದರ ಹಾಳೆಗಳೇ ಕಿಡಿ ಹಾರಿ ಹಾಳಾಗುತ್ತವೆ.

‘ಕರ್ಕಶ’ ಎಂಬ ಇನ್ನೊಂದು ವಿಶೇಷಣ ಲೇಖನದಲ್ಲಿ ಎರಡು ಕಡೆ ಬಂದಿದೆ. ನುಣುಪು ಎಂದು ಹೇಳಿದವರೇ ಅದೇ ಯಂತ್ರವನ್ನು ಸಿಡಿಯ ಜೊತೆ ಕೇಳಿದಾಗ ಕರ್ಕಶ ಎಂದದ್ದು ಓದುಗರಿಗೆ ಗೊಂದಲವೆನಿಸಿರಬೇಕು. ಇದರ ಲೆಕ್ಕ ಬಲು ಸರಳ. ಕ್ವಾಡ್ 33ರ ರೇಡಿಯೋ ಸಾಕೆಟ್ಟು 100 ಮಿಲಿವೋಲ್ಟ್ ಸಂಕೇತಕ್ಕೆಂದು ರೂಪಿಸಿದ್ದು. 1980ರ ದಶಕದಲ್ಲಿ ಬಂದ ಸಿಡಿ ಪ್ಲೇಯರು ಹೊರಡಿಸುವುದು 2 ವೋಲ್ಟ್, ಎಂದರೆ ಇಪ್ಪತ್ತು ಪಟ್ಟು. ವಾಲ್ಯೂಮಿನ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿದರೆ ಸಾಕು, ಮನೆ ತುಂಬ ಸದ್ದು. ಆ ಆರಂಭದ ಭಾಗದಲ್ಲಿ ಎಡಬಲಗಳ ಸಮತೋಲವೂ ಸರಿ ಇರುವುದಿಲ್ಲ. 303 ಮತ್ತು 405 ಕೂಡ ಅರ್ಧ ವೋಲ್ಟಿಗೇ ತಮ್ಮ ಪೂರ್ಣ ಶಕ್ತಿ ಮುಟ್ಟುವಂಥವು. ಬೊಗಸೆಯಲ್ಲಿ ನೀರು ಕುಡಿಯುವವನ ಮುಖಕ್ಕೆ ಕೊಡ ಸುರಿದು, ಇವನಿಗೆ ಕುಡಿಯಲು ಬರುವುದಿಲ್ಲ ಎಂದಂತಾಯಿತು. ಬದಿಗೆ ಎರಡೆರಡು ರೆಸಿಸ್ಟರುಗಳನ್ನು ತಂತಿಯಲ್ಲೇ ಬೆಸೆದು ಸಂಕೇತವನ್ನು ತಗ್ಗಿಸಿದರೆ ಕರ್ಕಶತೆ ಅಲ್ಲಿಗೆ ತೀರುತ್ತದೆ. ಇದಕ್ಕೆ ತಗಲುವ ಖರ್ಚು ಒಂದು ಪ್ಲೇಟು ಗಿರಮಿಟ್ಟಿಗಿಂತ ಕಡಿಮೆ. ಅದನ್ನು ಬಿಟ್ಟು ಸಾವಿರಾರು ರೂಪಾಯಿಯ ಕೇಬಲ್ ಕೊಂಡವರನ್ನು ನಾನು ಬಲ್ಲೆ.

ಕ್ವಾಡ್‌ನ ವಿಚಿತ್ರ ಸ್ವಭಾವಗಳೆಂದು ಲೇಖನ ಪಟ್ಟಿ ಮಾಡಿದವುಗಳಲ್ಲಿ ಹೆಚ್ಚಿನವನ್ನು ನಾನು ಒಪ್ಪುತ್ತೇನೆ. 303ಕ್ಕೂ 405ಕ್ಕೂ ಆನ್-ಆಫ್ ಸ್ವಿಚ್ಚೇ ಇಲ್ಲ, ಪ್ರೀ-ಆಂಪ್ಲಿಫೈಯರಿನ ಹಿಂಬದಿಯಿಂದ ಅವಕ್ಕೆ ಕರೆಂಟು ಹೋಗಬೇಕು ಎಂಬುದು ಒಂದು. ಐದು ಪಿನ್ನಿನ ದುಂಡನೆಯ ಡಿನ್ ಸಾಕೆಟ್ಟುಗಳು ಇನ್ನೊಂದು. ಈ ಡಿನ್ ನನ್ನ ಎರಡು ದಿನಗಳನ್ನು ನುಂಗಿದೆ. ಅದರ ಪಿನ್ನುಗಳ ಸಂಖ್ಯೆ ಒಂದು, ಎರಡು, ಮೂರು ಎಂದು ಸಾಲಾಗಿರದೆ 1, 4, 2, 5, 3 ಎಂಬ ಕ್ರಮದಲ್ಲಿರುತ್ತದೆ. ಸಾಲದ್ದಕ್ಕೆ ಮುಂದಿನಿಂದ ನೋಡುವುದಕ್ಕೂ ಬೆಸುಗೆಯ ಬದಿಯಿಂದ ನೋಡುವುದಕ್ಕೂ ಎಡಬಲ ಅದಲುಬದಲು. ನಾನು ಕನ್ನಡಿಯಲ್ಲಿ ಕಂಡಂತೆ ಬೆಸುಗೆ ಹಾಕಿ, ಎರಡೂ ಬದಿ ಮೂಕವಾದಾಗ ಯಂತ್ರವನ್ನೇ ಬಿಚ್ಚಿ ಕುಳಿತಿದ್ದೆ. ಮೂವತ್ತು ವರ್ಷ ವಿದ್ಯುಚ್ಛಕ್ತಿಯ ಪಾಠ ಹೇಳಿದವನು ಇದನ್ನು ಬರೆಯಬಾರದಿತ್ತೇನೋ.

ಆದರೆ 33ರ ಫಿಲ್ಟರುಗಳನ್ನು ಲೇಖಕರು ‘ಅನಗತ್ಯ ಗುಂಡಿಗಳು’ ಎಂದದ್ದನ್ನು ನಾನು ಒಪ್ಪಲಾರೆ, ಈ ಪತ್ರ ಬರೆಯಲು ಕುಳಿತದ್ದಕ್ಕೆ ಮುಖ್ಯ ಕಾರಣವೂ ಅದೇ. ಧ್ವನಿಯ ಶುದ್ಧತೆಯ ಬಗ್ಗೆ ಮಡಿವಂತಿಕೆಯುಳ್ಳ ಅನೇಕರು, ಬಾಸ್-ಟ್ರೆಬಲ್ ಗುಂಡಿಗಳಿರುವ ಯಂತ್ರವೇ ಮೈಲಿಗೆಯೆಂದು ತಿಳಿಯುತ್ತಾರೆ. 33ರಲ್ಲಿ ಮೇಲ್ದನಿಯನ್ನು 10, 7 ಅಥವಾ 5 ಕಿಲೋಹರ್ಟ್ಸ್‌ನಲ್ಲಿ ಕತ್ತರಿಸುವ ಗುಂಡಿಗಳಿವೆ. ಆ ಕತ್ತರಿಯ ಇಳಿಜಾರು ಎಷ್ಟು ಕಡಿದಾಗಿರಬೇಕೆಂದು ನಿರ್ಧರಿಸುವ ಬೇರೆಯೇ ಗುಂಡಿಯಿದೆ. ಎಲ್ಲವನ್ನೂ ಒಂದೇ ಒತ್ತಿಗೆ ರದ್ದುಪಡಿಸಿ, ಇದ್ದದ್ದನ್ನು ಇದ್ದಂತೆ ಕೇಳಿಸುವ ಗುಂಡಿಯೂ ಇದೆ. ಮಲ್ಲಿಕಾರ್ಜುನ ಮನಸೂರರು 1930ರ ದಶಕದಲ್ಲಿ ಎಚ್‌ಎಂವಿಗೆ ಹಾಡಿದ, ಮೂರು ಮೂರೂವರೆ ನಿಮಿಷದ, ನಿಮಿಷಕ್ಕೆ 78 ಸುತ್ತು ತಿರುಗುವ ತಟ್ಟೆಗಳನ್ನು ಯಾವ ಕತ್ತರಿಯೂ ಇಲ್ಲದ ಯಂತ್ರದಲ್ಲಿ ಹಚ್ಚಿ ನೋಡಿ. ಏಳು ಕಿಲೋಹರ್ಟ್ಸ್‌ನ ಮೇಲೆ ಅವುಗಳಲ್ಲಿ ಗಾಯನಕ್ಕಿಂತ ಮುಳ್ಳಿನ ಸರಪರವೇ ಹೆಚ್ಚು. ಕಿವಿ ಹತ್ತು ನಿಮಿಷಕ್ಕೆ ದಣಿಯುತ್ತದೆ. 7ರ ಗುಂಡಿಯನ್ನೊತ್ತಿ ಇಳಿಜಾರನ್ನು ಮೆಲ್ಲಗೆ ಏರಿಸುತ್ತ ಹೋದರೆ, ಒಂದು ಬಿಂದುವಿನಲ್ಲಿ ಸರಪರ ಹಿಂದೆ ಸರಿದು, ತಾನಿನ ಅಂಚು ಮಾತ್ರ ಉಳಿಯುತ್ತದೆ. ಇನ್ನೂ ಏರಿಸಿದರೆ ಮಲ್ಲಿಕಾರ್ಜುನರೂ ಹಿಂದೆ ಸರಿಯುತ್ತಾರೆ. ಆ ಬಿಂದು ತಟ್ಟೆಯಿಂದ ತಟ್ಟೆಗೆ ಬೇರೆ. ಅದನ್ನು ಹುಡುಕುವ ಅಧಿಕಾರವನ್ನು ಕೇಳುಗನಿಗೇ ಕೊಟ್ಟ ವಾಕರ್ ಅವರ ವಿವೇಕವನ್ನು, ಹಳೆಯ ರೆಕಾರ್ಡುಗಳ ಇಷ್ಟೊಂದು ದೊಡ್ಡ ಆಸ್ತಿಯುಳ್ಳ ನಮ್ಮ ಊರಿನವರಾದರೂ ಗುರುತಿಸಬೇಕು.

ರೆಕಾರ್ಡಿನ ಗುಣವನ್ನು ಯಂತ್ರಕ್ಕೆ ಆರೋಪಿಸುವುದೂ ನಡೆಯುತ್ತದೆ. ಗಂಗೂಬಾಯಿ ಹಾನಗಲ್ಲರ ಮೊದಮೊದಲ ಧ್ವನಿಮುದ್ರಿಕೆಯೊಂದನ್ನು ನಮ್ಮ ಮನೆಯಲ್ಲಿ ಕೇಳಿದ ಪರಿಚಿತರು, ನಿಮ್ಮ ಕ್ವಾಡ್ ಬಾಯಿಯವರ ಗಂಭೀರ ದನಿಯನ್ನು ಹಿಂಡಿ ತೆಳು ಮಾಡಿಬಿಟ್ಟಿದೆ ಎಂದು ಮರುಗಿದರು. ಆ ದಿನಗಳಲ್ಲಿ ಅವರ ಕಂಠ ಎತ್ತರದ, ತೆಳುವಾದ ಹೆಣ್ಣುದನಿಯೇ ಆಗಿತ್ತು. ಗಂಟಲಿನ ಚಿಕಿತ್ಸೆಯ ನಂತರ ಅದು ನಾವು ಬಲ್ಲ ಆ ಭಾರದ ದನಿಯಾಯಿತು. ಪಾಪ, ಆಂಪ್ಲಿಫೈಯರು ಅಂದು ನಿಜವನ್ನೇ ನುಡಿದಿತ್ತು.

ನಮ್ಮ ಕಿವಿಯ ರೂಢಿಯೂ ಲೆಕ್ಕಕ್ಕೆ ಬರಬೇಕು. ನನ್ನ ತಲೆಮಾರಿನವರು ಸಂಗೀತ ಕಲಿತದ್ದು 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯನ್ನು ವಾಲ್ವಿನ ರೇಡಿಯೋಗಳಲ್ಲಿ ಕೇಳಿ. ಮೀಡಿಯಂ ವೇವಿನಲ್ಲಿ ಮೇಲ್ದನಿ ಬಹಳವಾಗಿ ಕತ್ತರಿಸಿಯೇ ಬರುತ್ತದೆ, ಮರದ ಪೆಟ್ಟಿಗೆ ತನ್ನದೊಂದು ಗುಮ್ಮನ್ನು ಸೇರಿಸುತ್ತದೆ. ಆ ಧ್ವನಿಗೆ ಹೊಂದಿದ ಕಿವಿಗೆ ಅದಕ್ಕೆ ಹತ್ತಿರವಾದದ್ದೆಲ್ಲ ‘ಬೆಚ್ಚಗೆ’ ಎನಿಸುತ್ತದೆ, ದೂರವಾದದ್ದು ‘ಚುಚ್ಚುತ್ತದೆ’. ಹುಬ್ಬಳ್ಳಿಯ ಪತ್ರಲೇಖಕರ ಇನಿದನಿಯಲ್ಲಿ ಇದರ ಪಾಲೂ ಇರಬಹುದು. ನನ್ನದರಲ್ಲಂತೂ ಇದೆ.

ಹಾಗಾದರೆ ಕೇಳಿ ತೀರ್ಮಾನಿಸುವುದು ಹೇಗೆ? ಎರಡು ಆಂಪ್ಲಿಫೈಯರುಗಳನ್ನು ಹೋಲಿಸುವ ಮುನ್ನ ಎರಡರ ಸದ್ದನ್ನೂ ಸಮ ಮಾಡಬೇಕು, ಅದೂ ಕಿವಿಯ ಅಂದಾಜಿನಿಂದಲ್ಲ. ಒಂದೇ ಸ್ವರದ ಪರೀಕ್ಷಾ ಧ್ವನಿಯನ್ನು ನುಡಿಸಿ, ಸ್ಪೀಕರಿನ ತುದಿಗಳಿಗೆ ಮಲ್ಟಿಮೀಟರು ಹಚ್ಚಿ, ಎರಡು ಯಂತ್ರಗಳ ವೋಲ್ಟೇಜಿನಲ್ಲಿ ನೂರಕ್ಕೆ ಒಂದರಷ್ಟೂ ವ್ಯತ್ಯಾಸ ಉಳಿಯದಂತೆ ಕೂಡಿಸಬೇಕು. ಸ್ವಲ್ಪವೇ ಹೆಚ್ಚು ಸದ್ದಾದದ್ದು ಕಿವಿಗೆ ಹೆಚ್ಚು ಸದ್ದೆಂದು ತೋರದೆ ಹೆಚ್ಚು ಚೆಂದವೆಂದು ತೋರುತ್ತದೆ. ಅಂಗಡಿಗಳಲ್ಲಿ ಎಷ್ಟೋ ಯಂತ್ರಗಳು ಮಾರಾಟವಾಗುವುದು ಈ ಮೋಸದ ಮೇಲೆ. ಕಳೆದ ಮಳೆಗಾಲದಲ್ಲಿ ನಾಲ್ವರು ಸ್ನೇಹಿತರನ್ನು ಕೂರಿಸಿ, ದುರಸ್ತಿಯಾದ 303ನ್ನೂ 405ನ್ನೂ ಚಾದರದ ಹಿಂದಿಟ್ಟು ಹೀಗೆ ಹೋಲಿಸಿದೆವು. ಸದ್ದು ಸಮವಾಗುವ ಮೊದಲು ಎಲ್ಲರಿಗೂ ಖಚಿತ ಅಭಿಪ್ರಾಯಗಳಿದ್ದವು, ಜೋರಾಗಿಯೇ ಇದ್ದವು. ಸಮವಾದ ಮೇಲೆ ಮೂವರ ಊಹೆ ನಾಣ್ಯ ಚಿಮ್ಮಿದಂತಾಯಿತು. ನಾಲ್ಕನೆಯವರು ತಬಲಾ ಬಲ್ಲವರು. ವಾಲ್ಯೂಮ್ ಏರಿಸಿ ಕೇಳಿದಾಗ ಮಾತ್ರ ಅವರು ಡಗ್ಗಾದ ಮೇಲೆ ಅಂಗೈ ಒತ್ತಿ ಜಾರಿಸುವ ಘೀಸಿನಿಂದ 303ನ್ನು ಮತ್ತೆ ಮತ್ತೆ ಸರಿಯಾಗಿ ಗುರುತಿಸಿದರು. 45 ವ್ಯಾಟಿನ ಯಂತ್ರ ಅಲ್ಲಿ ಏದುಸಿರು ಬಿಡುತ್ತಿತ್ತು. ಗದಗದ ಓದುಗರು ಈ ನಾಲ್ಕನೆಯವರನ್ನು ಭ್ರಮೆಯ ಲೆಕ್ಕಕ್ಕೆ ಹಾಕುವ ಮೊದಲು ಒಮ್ಮೆ ನಮ್ಮಲ್ಲಿಗೆ ಬರಲಿ.

ಒಂದು ಮಾತು ನಮ್ಮ ಕರೆಂಟಿನ ಬಗ್ಗೆ. ಬೇಸಿಗೆಯ ಸಂಜೆ ಓಣಿಯ ವೋಲ್ಟೇಜು ಇಳಿದಾಗ ಸಾಮಾನ್ಯ ಆಂಪ್ಲಿಫೈಯರುಗಳ ಒಳಗಿನ ವೋಲ್ಟೇಜೂ ಇಳಿದು ಅವುಗಳ ಶಕ್ತಿ ಕುಗ್ಗುತ್ತದೆ. 303ರ ಒಳಗೆ 67 ವೋಲ್ಟನ್ನು ಸ್ಥಿರವಾಗಿ ಹಿಡಿಯುವ ರೆಗ್ಯುಲೇಟರು ಇರುವುದರಿಂದ, ಇಳಿತ ತೀರ ಹೆಚ್ಚಾಗದಿದ್ದರೆ ಅದಕ್ಕೆ ಬಾಧೆಯಿಲ್ಲ. ಇಂಗ್ಲೆಂಡಿನವರಿಗೆ ಇದು ಅಷ್ಟೇನೂ ಬೇಕಿರಲಿಲ್ಲವೇನೋ. ಧಾರವಾಡದಲ್ಲಿ ಇದರ ಬೆಲೆ ತಿಳಿಯುತ್ತದೆ.

2024ರಲ್ಲಿ 33 ಮತ್ತು 303 ಎಂಬ ಹಳೆಯ ಹೆಸರುಗಳಲ್ಲೇ, ಹಳೆಯ ಮುಖಚಹರೆಯಲ್ಲೇ ಕ್ವಾಡ್ ಹೊಸ ಯಂತ್ರಗಳನ್ನು ಹೊರತಂದಿದೆ. ಕಂಪನಿ ವಾಕರ್ ಅವರ ಮನೆತನದ ಕೈಯಲ್ಲಿ ಈಗಿಲ್ಲ, ಒಳಗಿನ ಮಾರ್ಗವೂ ಹಳೆಯದಲ್ಲ. ಅವನ್ನು ನಾನು ಕೇಳಿಲ್ಲವಾದ್ದರಿಂದ ಏನನ್ನೂ ಹೇಳಲಾರೆ. ಲೇಖಕರು ಮಾತ್ರ ಹಳೆಯ 303ರ ವಿಶೇಷಣಗಳನ್ನೇ ಹೊಸದಕ್ಕೂ ವರ್ಗಾಯಿಸಿಬಿಟ್ಟಿದ್ದಾರೆ. ಅವರೂ ಅದನ್ನು ಕೇಳಿದಂತೆ ಲೇಖನದಲ್ಲಿ ಎಲ್ಲಿಯೂ ಇಲ್ಲ.

ಕೊನೆಯದಾಗಿ ಒಂದು ತಿದ್ದುಪಡಿಯ ಕೋರಿಕೆ. ಲೇಖನದ ಜೊತೆ ಮುದ್ರಿಸಿದ ಚಿತ್ರದ ಕೆಳಗೆ ‘ಕ್ವಾಡ್ 405 ವಾಲ್ವ್ ಆಂಪ್ಲಿಫೈಯರ್’ ಎಂದಿದೆ. 405ರಲ್ಲಿ ಒಂದೂ ವಾಲ್ವಿಲ್ಲ. ಚಿತ್ರದಲ್ಲಿ ಮುಂದೆ ಕಾಣುವ ಕಪ್ಪು ಏಣುಗಳು ಟ್ರಾನ್ಸಿಸ್ಟರುಗಳ ಶಾಖವನ್ನು ಹೊರಹಾಕುವ ಲೋಹದ ರೆಕ್ಕೆಗಳು. ಈ ಶೀರ್ಷಿಕೆಯನ್ನು ನಂಬಿ ಯಾರಾದರೂ 405ಕ್ಕೆ ವಾಲ್ವಿನ ಬೆಲೆ ತೆರುವ ಮೊದಲು ಮುಂದಿನ ಭಾನುವಾರದ ಸಂಚಿಕೆಯಲ್ಲಿ ಅದನ್ನು ಸರಿಪಡಿಸಬೇಕೆಂದು ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಭೌತಶಾಸ್ತ್ರ ಅಧ್ಯಾಪಕ
ಸಾಧನಕೇರಿ, ಧಾರವಾಡ